ಅತ್ತೆಯ ಎಲೆಸಂಚಿಯ ಮಾತ್ರೆ

ನಮ್ಮ ಮನೆಯಲ್ಲಿ ಮೈಕೈ ನೋವಿನ ಮಾತ್ರೆಯನ್ನು ಯಾರೂ ಔಷಧಿ ಎಂದು ಕರೆಯುತ್ತಿರಲಿಲ್ಲ. ಔಷಧಿ ಎಂದರೆ ಡಾಕ್ಟರು ಚೀಟಿಯಲ್ಲಿ ಬರೆದದ್ದು, ದೇವರ ಫೋಟೋದ ಕೆಳಗಿನ ಹಲಗೆಯ ಮೇಲೆ ಇಡುವಂಥದ್ದು, ಊಟಕ್ಕೆ ಮೊದಲೋ ಆಮೇಲೋ ಎಂದು ನೆನಪಿಟ್ಟು ನುಂಗುವಂಥದ್ದು. ನೋವಿನ ಮಾತ್ರೆ ಇರುತ್ತಿದ್ದದ್ದು ಅತ್ತೆಯ ಎಲೆಸಂಚಿಯಲ್ಲಿ. ವೀಳ್ಯದೆಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅದರ ಪಕ್ಕದಲ್ಲಿ ಎರಡಾಗಿ ಮಡಚಿದ ಕೆಂಪು ಮಾತ್ರೆಯ ಹಾಳೆ.

ಅತ್ತೆ ಮೀನು ಮಾರುವವರು. ಬೆಳಕು ಹರಿಯುವ ಹೊತ್ತಿಗೆ ಗಂಗೊಳ್ಳಿಯ ಬಂದರಿನಲ್ಲಿ ಮೀನು ತೆಗೆದುಕೊಂಡು, ಬುಟ್ಟಿಯನ್ನು ಬಸ್ಸಿನ ಹಿಂಬದಿಗೆ ಏರಿಸಿ, ಹೆಮ್ಮಾಡಿಯಲ್ಲೋ ತಲ್ಲೂರಿನಲ್ಲೋ ಇಳಿದು, ತಲೆಯ ಮೇಲೆ ಹೊತ್ತು ಮನೆಮನೆ ತಿರುಗುವವರು. ಅವರ ಜೊತೆಯ ಹೆಂಗಸರೆಲ್ಲ ಹೀಗೆಯೇ. ಬುಟ್ಟಿ ಎತ್ತುವ ಮೊದಲು ಚಾ ಕುಡಿಯುತ್ತಿದ್ದರು, ಚಾದ ಜೊತೆ ಒಂದು ಕೆಂಪು ಮಾತ್ರೆ. ಯಾರಾದರೂ ಮನೆಯಲ್ಲಿ ಮರೆತು ಬಂದಿದ್ದರೆ, "ಹ್ವಾಯ್, ಒಂದ್ ಮಾತ್ರಿ ಇತ್ತಾ? ಸೊಂಟ ಹಿಡ್ಕಂಡಿತ್ ಮಾರಾಯ್ತಿ" ಎಂದು ಪಕ್ಕದವಳ ಸಂಚಿಗೆ ಕೈ ಹಾಕುತ್ತಿದ್ದರು. ಎಲೆ ಅಡಿಕೆ ಕೇಳಿದಷ್ಟೇ ಸಲೀಸು. ಮೆಡಿಕಲ್ ಅಂಗಡಿಯವನಿಗೆ ಹೆಸರು ಹೇಳುವುದೂ ಬೇಡ, ಬುಟ್ಟಿ ಹೊತ್ತವರು ಎದುರು ನಿಂತರೆ ಅವನೇ ಒಂದು ಹಾಳೆ ಕತ್ತರಿಸಿ ಕೊಡುತ್ತಿದ್ದ. ಮೂವತ್ತು ವರ್ಷ ಅಷ್ಟು ಭಾರ ಹೊತ್ತ ಕುತ್ತಿಗೆ ಮತ್ತು ಸೊಂಟಕ್ಕೆ ಅದು ಬೇಕಿತ್ತು, ಅದರಲ್ಲಿ ತಪ್ಪು ಹುಡುಕಲು ನಾನು ಯಾರು?

ನಾನು ಬೈಂದೂರು ಕಡೆಯವಳು. ಪಿಯುಸಿ ಮುಗಿಸಿದ್ದೆ, ಹೊಲಿಗೆ ಕಲಿತಿದ್ದೆ. ತೊಂಬತ್ತೆಂಟರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ಇಲ್ಲಿ ಇದ್ದದ್ದು ಇಬ್ಬರೇ, ಅತ್ತೆ ಮತ್ತು ಅವರ ಒಬ್ಬನೇ ಮಗ. ನಮ್ಮವರು ಟ್ರಾಲ್ ಬೋಟಿನಲ್ಲಿ ದುಡಿಯುತ್ತಿದ್ದರು. ಒಮ್ಮೆ ಹೋದರೆ ಎಂಟು ಹತ್ತು ದಿನ ಕಡಲಿನಲ್ಲೇ. ಮೀನು ಎತ್ತ ಹೋಯಿತೋ ಅತ್ತ, ಕಾರವಾರವನ್ನೂ ದಾಟಿ ಮೇಲೆ. ದಡಕ್ಕೆ ಬಂದರೆ ಮೀನು ಇಳಿಸಿ, ಡೀಸೆಲ್ ಐಸು ತುಂಬಿಸಿ, ಒಂದೆರಡು ದಿನ ಮಲಗಿ ಮತ್ತೆ ಹೊರಡುತ್ತಿದ್ದರು. ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲುವ ಎರಡು ತಿಂಗಳು ಮಾತ್ರ ಗಂಡ ಎನ್ನುವವರು ಮನೆಯಲ್ಲಿರುತ್ತಿದ್ದರು. ನಮ್ಮ ಕೇರಿಯ ಮಕ್ಕಳಲ್ಲಿ ಅರ್ಧಕ್ಕರ್ಧ ಮಾರ್ಚು ಏಪ್ರಿಲಿನಲ್ಲಿ ಹುಟ್ಟಿದವು. ಬೋಟು ದಡಕ್ಕೆ ಕಟ್ಟಿದ ತಿಂಗಳಿಂದ ಬೆರಳು ಮಡಚಿ ನೋಡಿದರೆ ಕಾರಣ ತಿಳಿಯುತ್ತದೆ. ಬಂದರಿನ ಹೆಂಗಸರು ಅದನ್ನೇ ಹೇಳಿ ಹೇಳಿ ನಗುತ್ತಿದ್ದರು. ಮೊದಲ ಎರಡು ವರ್ಷ ನಾನೂ ನಕ್ಕೆ.

ಮೂರನೆಯ ಮಳೆಗಾಲದ ಹೊತ್ತಿಗೆ ನಗು ನಿಂತಿತು. "ಈ ಸಲವಾದ್ರೂ ಎಂತಾರೂ ಇತ್ತಾ ಹೆಣೆ?" ಎಂದು ಸೆಪ್ಟೆಂಬರಿನಲ್ಲಿ ಕೇಳುವವರ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಅವರ ರವಿಕೆಯ ತೋಳನ್ನು ಬೇಕೆಂದೇ ಬಿಗಿ ಮಾಡಿ ಹೊಲಿದು ಕೊಟ್ಟದ್ದುಂಟು. ಅತ್ತೆ ಮಾತ್ರ ಒಂದು ದಿನವೂ ಕೇಳಲಿಲ್ಲ. ಯಾರೋ ಅವರ ಎದುರು ನನ್ನನ್ನು ಆಡಿಕೊಂಡಾಗ ಬುಟ್ಟಿ ಕೆಳಗಿಟ್ಟು ಜಗಳ ಮಾಡಿದ್ದರಂತೆ. ಅದನ್ನೂ ಅವರು ಹೇಳಲಿಲ್ಲ, ಬೇರೆಯವರಿಂದ ನನಗೆ ತಿಳಿಯಿತು.

ಬ್ರಹ್ಮಾವರದಲ್ಲಿ ಒಬ್ಬ ಲೇಡಿ ಡಾಕ್ಟರು ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುತ್ತಾರೆ ಎಂದು ಕೇಳಿ ಅಲ್ಲಿಗೆ ಹೋಗತೊಡಗಿದೆ. ಗಂಗೊಳ್ಳಿಯಿಂದ ಕುಂದಾಪುರ, ಅಲ್ಲಿ ಬಸ್ಸು ಬದಲಿಸಿ ಬ್ರಹ್ಮಾವರ. ಮೊದಲು ಗರ್ಭನಾಳ ತೆರೆದಿದೆಯೇ ಎಂದು ನೋಡುವ ಪರೀಕ್ಷೆ. ಒಳಗೆ ಔಷಧಿ ಬಿಟ್ಟು ಫೋಟೋ ತೆಗೆಯುವುದು. ಹೊಟ್ಟೆಯೊಳಗೆ ಕೈ ಹಾಕಿ ಹಿಂಡಿದ ಹಾಗಾಯಿತು, ತಡೆಯಲಾಗದೆ ಕೂಗಿಬಿಟ್ಟೆ. ಅಲ್ಲಿದ್ದ ನರ್ಸು ನನ್ನ ಮೊಣಕಾಲು ಒತ್ತಿ ಹಿಡಿದು, "ಇಷ್ಟಕ್ಕೇ ಕೂಗಿದ್ರೆ ನಾಳೆ ಹೆರೂದು ಹ್ಯಾಂಗೆ?" ಎಂದಳು. ಆ ಮಾತು ನನ್ನ ಒಳಗೆ ಕೂತುಬಿಟ್ಟಿತು. ಆ ಮೇಲೆ ಯಾವ ಆಸ್ಪತ್ರೆಯಲ್ಲಿಯೂ ನೋವು ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಮಗು ಬೇಕೆಂದು ಬಂದವಳು ನೋವು ಎನ್ನಬಾರದು ಎಂದು ನಾನೇ ಒಂದು ಕಾನೂನು ಮಾಡಿಕೊಂಡೆ.

ದೋಷ ಇಬ್ಬರದ್ದೂ ಸ್ವಲ್ಪ ಸ್ವಲ್ಪ ಇದೆ ಎಂದರು ಡಾಕ್ಟರು. ನನ್ನ ಮೊಟ್ಟೆ ಸರಿಯಾಗಿ ಬೆಳೆಯುತ್ತಿರಲಿಲ್ಲ, ನಮ್ಮವರ ವೀರ್ಯದಲ್ಲಿ ಅಣುಗಳು ಕಡಿಮೆ. ಕೇರಿಗೆ ಗೊತ್ತಾದದ್ದು ನನ್ನ ಪಾಲು ಮಾತ್ರ. ಮೊಟ್ಟೆ ಬೆಳೆಸಲು ಇಂಜೆಕ್ಷನ್, ಬೆಳೆದದ್ದನ್ನು ನೋಡಲು ದಿನ ಬಿಟ್ಟು ದಿನ ಸ್ಕ್ಯಾನ್, ಅದು ಒಡೆಯುವ ದಿನ ಗಂಡ ಹಾಜರಿರಬೇಕು, ಅವರ ವೀರ್ಯವನ್ನು ತೊಳೆದು ನನ್ನೊಳಗೆ ಬಿಡಬೇಕು. ಎಲ್ಲವೂ ಸರಿ. ಆದರೆ ಗಂಡ?

"ಗಂಡ ಎಲ್ಲಮ್ಮಾ?" ಎಂದರು ಡಾಕ್ಟರು.

"ಸಮುದ್ರದಲ್ಲಿ ಮೇಡಂ."

"ಯಾವಾಗ ಬರ್ತಾರೆ?"

"ಮೀನು ಸಿಕ್ಕಿದ ಮೇಲೆ."

ಅವರು ಪೆನ್ನಿನ ತುದಿಯಿಂದ ಹಣೆ ಕೆರೆದುಕೊಂಡು, "ನಿಮ್ಮ ಮೊಟ್ಟೆ ಅವರ ಬೋಟಿಗೆ ಕಾಯೂದಿಲ್ಲ ಅಮ್ಮಾ" ಎಂದರು. ಕೋಪದಿಂದ ಹೇಳಿದ್ದಲ್ಲ, ಆದರೂ ನನಗೆ ಅಳು ಬಂತು. ಡಾಕ್ಟರು ಬೇಕೆಂದ ದಿನ ನಮ್ಮವರಿರುವುದಿಲ್ಲ. ಅವರಿರುವ ಎರಡು ದಿನ ನನ್ನ ಮೈ ಒಪ್ಪುವುದಿಲ್ಲ. ಕೊನೆಗೆ ಬೋಟು ಕಟ್ಟುವ ಎರಡು ತಿಂಗಳಿನಲ್ಲೇ ಚಿಕಿತ್ಸೆ ಎಂದು ತೀರ್ಮಾನವಾಯಿತು. ಎಂದರೆ ವರ್ಷಕ್ಕೆ ಎರಡೇ ಅವಕಾಶ. ಎರಡೂ ಹೋದರೆ ಮುಂದಿನ ಜೂನ್‌ವರೆಗೆ ಬಾಯಿ ಮುಚ್ಚಿ ರವಿಕೆ ಹೊಲಿಯುತ್ತಾ ಕೂರಬೇಕು. ಹಾಗೆ ನಾಲ್ಕು ಮಳೆಗಾಲ ಹೋದವು.

ಆ ಇಂಜೆಕ್ಷನ್ನಿಗೆ ತಂಪು ಬೇಕಿತ್ತು. ಮನೆಯಲ್ಲಿ ಫ್ರಿಜ್ ಇರಲಿಲ್ಲ, ಇದ್ದವರ ಮನೆಯಲ್ಲೂ ಮಳೆಗಾಲದಲ್ಲಿ ಕರೆಂಟು ಇರುತ್ತಿರಲಿಲ್ಲ. ಬಾಟಲಿಯನ್ನು ಥರ್ಮಾಸಿನಲ್ಲಿ ಐಸಿನ ಜೊತೆ ಇಡಬೇಕು, ಆದರೆ ಐಸು ನೇರ ತಾಗಬಾರದು, ಹೆಪ್ಪುಗಟ್ಟಿದರೆ ಔಷಧಿ ಹಾಳು ಎಂದು ಡಾಕ್ಟರು ಹೇಳಿದ್ದನ್ನು ನಾನು ಅತ್ತೆಗೆ ವಿವರಿಸಲು ಹೋದೆ.

"ಐಸಿನ್ ವಿಷ್ಯ ನಂಗ್ ಹೇಳುಕ್ ಬರ್ಬೇಡ" ಎಂದರು ಅತ್ತೆ. "ಮುಟ್ಟುಕಾಗ ಅಂದ್ರ್ ಅಲ್ದಾ? ಮುಟ್ದಾಂಗ್ ಇಡ್ತೆ, ಕಾಣ್."

ಐಸ್ ಪ್ಲಾಂಟಿಗೆ ಅವರೇ ಹೋಗಿ, ಮೀನಿಗೆ ಹಾಕುವ ಪುಡಿ ಬೇಡವೆಂದು ಗಟ್ಟಿ ತುಂಡು ಆರಿಸಿ ತರುತ್ತಿದ್ದರು. ಬಾಟಲಿಗೆ ಬಾಳೆ ಎಲೆ ಸುತ್ತಿ, ಅದರ ಮೇಲೆ ಹತ್ತಿಯ ಬಟ್ಟೆ, ಆಮೇಲೆ ಐಸು. ದಿನಕ್ಕೆ ಮೂರು ಸಲ ಮುಚ್ಚಳ ತೆಗೆದು ನೋಡುತ್ತಿದ್ದರು. ಒಮ್ಮೆಯೂ ಔಷಧಿ ಹಾಳಾಗಲಿಲ್ಲ. ಮುಟ್ಟಾದ ದಿನ ನಾನು ಹಿತ್ತಲಲ್ಲಿ ಕೂತು ಅತ್ತರೆ ಹತ್ತಿರ ಬಂದು ಸಮಾಧಾನ ಹೇಳುವವರಲ್ಲ ಅವರು. ಅವತ್ತು ನನಗೆ ಇಷ್ಟವಾದ ಕಾಣೆ ಮೀನು ಹುರಿದು ಬಡಿಸಿ, ತಾವು ಸಾರಿನಲ್ಲೇ ಉಂಡು ಏಳುತ್ತಿದ್ದರು.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಬಸಿರು ನಿಂತಿತು. ಬೋಟುಗಳು ಮತ್ತೆ ಕಡಲಿಗಿಳಿದು ನಾಲ್ಕು ದಿನವಾಗಿತ್ತು, ನಮ್ಮವರು ಹೋಗಿಯಾಗಿತ್ತು, ಮೊಬೈಲ್ ಸಿಗ್ನಲ್ ದಾಟಿಯೂ ಆಗಿತ್ತು. ಬೋಟಿನ ವೈರ್‌ಲೆಸ್ಸಿನಲ್ಲಿ ಹೇಳಿ ಕಳಿಸಬಹುದಿತ್ತು, ಆದರೆ ಅದರಲ್ಲಿ ಹೇಳಿದ್ದು ಸುತ್ತಮುತ್ತಲ ಬೋಟಿನವರಿಗೆಲ್ಲ ಕೇಳುತ್ತದೆ. ಅಷ್ಟು ವರ್ಷ ಕಾದದ್ದನ್ನು ಇಡೀ ಅರಬ್ಬಿ ಸಮುದ್ರಕ್ಕೆ ಕೂಗಿ ಹೇಳುವುದು ಬೇಡವೆಂದು ನಾನೂ ಅತ್ತೆಯೂ ಬಾಯಿ ಬಿಗಿಹಿಡಿದು ಕೂತೆವು. ಆರನೆಯ ದಿನ ಅವರು ಬಂದಾಗ ಅತ್ತೆಯೇ ಮೊದಲು ಹೇಳಿದರು. ನಮ್ಮವರು ಕಾಲು ತೊಳೆಯುತ್ತಿದ್ದ ಚೊಂಬನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದರು.

ಅತ್ತೆ ನನ್ನನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ನೀರು ಸೇದಬಾರದು, ಬಗ್ಗಬಾರದು, ಹೊಲಿಗೆ ಯಂತ್ರದ ಹತ್ತಿರ ಹೋಗಬಾರದು. ನಾನು ಕದ್ದು ಹೊಲಿಯುತ್ತಿದ್ದೆ, ಸುಮ್ಮನೆ ಕೂತರೆ ಭಯ ಬಂದು ಮೈಮೇಲೆ ಕೂರುತ್ತಿತ್ತು. ಐದನೆಯ ತಿಂಗಳಲ್ಲಿ ಸೊಂಟದ ನೋವು ಸುರುವಾಯಿತು. ಬಲಗಡೆಯಿಂದ ಹಿಡಿದು ತೊಡೆಯ ಹಿಂಬದಿಗೆ ಇಳಿಯುತ್ತಿತ್ತು. ಡಾಕ್ಟರಿಗೆ ಹೇಳಿದೆ, ಹೇಗೋ ಧೈರ್ಯ ಮಾಡಿ, ಅರ್ಧ ದನಿಯಲ್ಲಿ. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಅವರು ಮಲಗುವ ರೀತಿ ಹೇಳಿಕೊಟ್ಟು, ಚೀಟಿಯಲ್ಲಿ ಏನೋ ಬರೆದು, "ತೀರಾ ನೋವಾದ್ರೆ ಇದು ಮಾತ್ರ. ಕಡಿಮೆ ಆಗದಿದ್ರೆ ನನ್ನನ್ನು ಕೇಳಿ" ಎಂದರು.

ಮೆಡಿಕಲ್ಲಿನಲ್ಲಿ ಕೊಟ್ಟದ್ದು ಬಿಳಿ ಮಾತ್ರೆ. ಮನೆಗೆ ತಂದಾಗ ಅತ್ತೆ ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಓದಲು ಬಾರದು, ಆದರೆ ಮಾತ್ರೆಗಳನ್ನು ಬಣ್ಣದಲ್ಲಿ ಬಲ್ಲವರು.

"ಇದ್ ಜ್ವರದ್ ಮಾತ್ರಿ ಅಲ್ದಾ ಹೆಣೆ? ನಿಂಗ್ ಜ್ವರ ಎಲ್ಲಿತ್?"

ಹೌದಲ್ಲ ಅನ್ನಿಸಿತು. ಮಕ್ಕಳಿಂದ ಮುದುಕರವರೆಗೆ ಊರಿನವರೆಲ್ಲ ಜ್ವರಕ್ಕೆ ನುಂಗುವ ಮಾತ್ರೆಯೇ ಅದು. ಸೊಂಟ ಮುರಿದು ಬೀಳುತ್ತಿದ್ದರೆ ಜ್ವರದ ಮಾತ್ರೆ ಬರೆದಿದ್ದಾರೆ, ನನ್ನ ಮಾತು ಅವರ ಕಿವಿಗೆ ಬಿದ್ದೇ ಇಲ್ಲ ಎಂದುಕೊಂಡೆ. ಒಂದೋ ಎರಡೋ ನುಂಗಿದೆ, ಅದೂ ನಂಬಿಕೆಯಿಲ್ಲದೆ, ಅರ್ಧರ್ಧ ಮುರಿದು. ಉಳಿದದ್ದು ದೇವರ ಹಲಗೆ ಸೇರಿತು.

ಏಳನೆಯ ತಿಂಗಳು ಹಿಡಿಯುವಾಗ ನೋವು ಮಿತಿಮೀರಿತು. ಒಂದು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅತ್ತೆ ಖಾಲಿ ಬುಟ್ಟಿ ಹಿಡಿದು ಬಂದಾಗ ನಾನು ಹೊಲಿಗೆ ಯಂತ್ರದ ಪಕ್ಕ ನೆಲಕ್ಕೆ ಕೈಯೂರಿ, ಮಂಡಿಯ ಮೇಲೆ ನಿಂತಿದ್ದೆ. ಏಳಲೂ ಆಗುತ್ತಿರಲಿಲ್ಲ, ಮಲಗಲೂ ಆಗುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗಿದ್ದೆನೋ, ಅತ್ತು ಅತ್ತು ಮೂಗು ಕಟ್ಟಿತ್ತು. ಅವರು ಮೀನಿನ ಸೀರೆಯಲ್ಲೇ ನೀರು ಕಾಯಿಸಿ ಶಾಖ ಕೊಟ್ಟರು, ಎಣ್ಣೆ ತಿಕ್ಕಿದರು. ನೋವು ಒಂದಿಷ್ಟೂ ಬಗ್ಗಲಿಲ್ಲ.

"ಅತ್ತೆ, ನಿಮ್ ಮಾತ್ರಿ ಒಂದ್ ಕೊಡಿ" ಎಂದೆ.

ಅವರ ಕೈ ಸಂಚಿಗೆ ಹೋಗಿ ನಿಂತಿತು. "ಡಾಕ್ಟ್ರತ್ರ ಕೇಂಡ್ಯಾ?"

"ಕೇಂಡೆ. ತಿನ್ಲಕ್ಕ್ ಅಂದ್ರ್."

ಸುಳ್ಳು. ತಿನ್ನಬಹುದೇ ಎಂದು ನಾನು ಕೇಳಿರಲಿಲ್ಲ. ಹಿಂದಿನ ವಾರ ಹೋದಾಗ ಕೇಳಬೇಕೆಂದು ನಾಲಿಗೆಯ ತುದಿವರೆಗೆ ಬಂದಿತ್ತು. ಮತ್ತೆ ಜ್ವರದ ಮಾತ್ರೆಯನ್ನೇ ಬರೆದಾರು, ಅಥವಾ ಆ ನರ್ಸಿನ ಹಾಗೆ ಯಾರಾದರೂ ಮಾತಾಡಿಯಾರು ಎಂದು ನುಂಗಿಕೊಂಡು ಬಂದಿದ್ದೆ. ಆ ಹೊತ್ತು ಸುಳ್ಳು ಹೇಳುತ್ತಿದ್ದೇನೆ ಎಂದು ಕೂಡ ಅನ್ನಿಸಲಿಲ್ಲ. ನೋವು ಹೋಗಬೇಕಿತ್ತು, ಅಷ್ಟೇ. ಅದಲ್ಲದೆ ಅದು ಔಷಧಿಯಲ್ಲವಲ್ಲ. ಬಸುರಿಯಾಗಿದ್ದಾಗ ಇಂಥದ್ದೇ ಮಾತ್ರೆ ನುಂಗಿ ಮೀನು ಹೊತ್ತವರು ನಮ್ಮ ಕೇರಿಯಲ್ಲಿ ಎಷ್ಟು ಜನ ಇಲ್ಲ!

ಅತ್ತೆ ಹಾಳೆಯಿಂದ ಒಂದು ಮಾತ್ರೆ ಒತ್ತಿ ತೆಗೆದು ನನ್ನ ಅಂಗೈಗೆ ಹಾಕಿದರು. ಅರ್ಧ ಗಂಟೆಯಲ್ಲಿ ನೋವು ಸೋರಿಹೋಯಿತು. ನನಗೆ ಆದ ಸುಖವನ್ನು ಈಗಲೂ ಮರೆಯಲಾಗುವುದಿಲ್ಲ. ಎದ್ದು ಗಂಜಿ ಕುಡಿದೆ, ತಲೆ ಬಾಚಿಕೊಂಡೆ, ಅತ್ತೆಯ ಜೊತೆ ಜಗಲಿಯಲ್ಲಿ ಕೂತು ಹರಟೆ ಹೊಡೆದೆ. ಮರುದಿನ ಅವರು ಕೇಳುವ ಮೊದಲೇ ಕೈ ಚಾಚಿದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಹಾಗೆ ಮೂರು ವಾರ. ಹೊಟ್ಟೆಯೊಳಗೆ ಮಗು ಒದೆಯುತ್ತಿತ್ತು, ಅದು ಒದ್ದ ಜಾಗಕ್ಕೆ ನಾನು ಕೈ ಇಟ್ಟು ನಗುತ್ತಿದ್ದೆ.

ಮುಂದಿನ ಸ್ಕ್ಯಾನಿಗೆ ಅತ್ತೆಯೂ ಜೊತೆಗೆ ಬಂದಿದ್ದರು. ಸ್ಕ್ಯಾನ್ ಮಾಡುವವರು ಯಂತ್ರವನ್ನು ಹೊಟ್ಟೆಯ ಮೇಲೆ ಆಡಿಸುತ್ತಾ ಮೊದಲೆಲ್ಲ "ಕಾಲು ನೋಡಿ, ಕೈ ನೋಡಿ" ಎನ್ನುತ್ತಿದ್ದವರು ಅವತ್ತು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದರು. ಡಾಕ್ಟರ ಕೋಣೆಯಲ್ಲಿ ಅತ್ತೆಯೂ ನಾನೂ ಒಂದೇ ಬೆಂಚಿನಲ್ಲಿ ಕೂತೆವು. ಮಗುವಿನ ಸುತ್ತ ಇರಬೇಕಾದ ನೀರು ತುಂಬಾ ಕಡಿಮೆಯಾಗಿದೆ ಎಂದರು ಡಾಕ್ಟರು. ನೀರು ಹೋಯಿತಾ? ಇಲ್ಲ. ಬಟ್ಟೆ ಒದ್ದೆಯಾಯಿತಾ? ಇಲ್ಲ. ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?

"ಇಲ್ಲ ಮೇಡಂ."

ಅದು ಮಾತ್ರ ಸುಳ್ಳಲ್ಲ. ಕೇಳಿದ್ದು ಔಷಧಿಯನ್ನು. ಡಾಕ್ಟರು ಫೈಲು ತಿರುವಿ, ಮತ್ತೆ ನನ್ನ ಮುಖ ನೋಡಿ, "ಸೊಂಟ ನೋವು ಅಂದಿದ್ರಲ್ಲ, ಅದು ಹೇಗಿದೆ?" ಎಂದರು.

"ಈಗ ಕಡಿಮೆ ಇದೆ ಮೇಡಂ. ಮನೆಯಲ್ಲಿ ಅತ್ತೆ ತಿನ್ನುವ ನೋವಿನ ಮಾತ್ರೆ ಇದೆ, ಅದು ತಿಂದೆ."

ಅವರು ಹೆಸರು ಕೇಳಿದರು. ನಾನು ಹೇಳಲಿಲ್ಲ, ಅತ್ತೆಯೇ ಸಂಚಿ ಬಿಚ್ಚಿ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಅಡಿಕೆಯ ಪುಡಿ ಮೇಜಿನ ಗಾಜಿನ ಮೇಲೆ ಉದುರಿತು. ಡಾಕ್ಟರು ಹಾಳೆಯನ್ನು ತಿರುಗಿಸಿ ನೋಡಿದರು. ಈ ಜಾತಿಯ ಮಾತ್ರೆ ಬಸುರಿಯರು ನುಂಗುವಂಥದ್ದಲ್ಲ, ಐದು ತಿಂಗಳು ದಾಟಿದ ಮೇಲಂತೂ ಮಗುವಿನ ಮೂತ್ರ ಕಡಿಮೆಯಾಗಿ ಸುತ್ತಲಿನ ನೀರೇ ಇಳಿದುಹೋಗಬಹುದು, ಇನ್ನೂ ತಡವಾದರೆ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಮೊದಲೇ ಮುಚ್ಚಿಕೊಳ್ಳಬಹುದು ಎಂದು ನಿಧಾನವಾಗಿ ಹೇಳಿದರು. ನಿಲ್ಲಿಸಿದರೆ ನೀರು ಮತ್ತೆ ತುಂಬುವುದೂ ಉಂಟು. "ಆ ಬಿಳಿ ಮಾತ್ರೆ ನೋವಿಗೇ ಕೊಟ್ಟಿದ್ದು. ಅದು ಸಾಲದಿದ್ರೆ ಬೇರೆ ದಾರಿ ನೋಡ್ತಿದ್ದೆ. ಒಂದು ಮಾತು ಕೇಳಬಾರದಿತ್ತಾ?" ಎಂದರು. ಆಮೇಲೆ ದನಿ ಸ್ವಲ್ಪ ಏರಿತು. "ಯಾರು ಕೊಟ್ಟದ್ದು ಇದನ್ನು?"

"ನಾನೇ ಕೊಟ್ಟದ್ದ್" ಎಂದರು ಅತ್ತೆ.

ಕೂತಲ್ಲಿಂದ ಎದ್ದು ನಿಂತು ಹೇಳಿದರು, ಶಾಲೆಯಲ್ಲಿ ಮಕ್ಕಳು ನಿಲ್ಲುವ ಹಾಗೆ. ಡಾಕ್ಟರು ಅವರನ್ನು ಬೈದರು. ಹಿರಿಯರಾಗಿ ಅಷ್ಟು ತಿಳಿಯುವುದಿಲ್ಲವಾ, ಎಷ್ಟು ಕಷ್ಟದಲ್ಲಿ ಆದ ಬಸಿರು ಇದು ಎಂದು ನಿಮಗೇ ಗೊತ್ತಿಲ್ಲವಾ ಎಂದರು. ಆಗ ನಾನು ಹೇಳಬೇಕಿತ್ತು, ಮೇಡಂ, ನಾನು ಇವರಿಗೆ ಸುಳ್ಳು ಹೇಳಿ ಇಸಿದುಕೊಂಡೆ ಎಂದು. ಹೇಳಲಿಲ್ಲ. ಹೊಟ್ಟೆಯೊಳಗಿನದು ಅಲ್ಲಾಡುತ್ತಿದೆಯೋ ಇಲ್ಲವೋ ಎಂದು ಅದೊಂದನ್ನೇ ಆಲಿಸುತ್ತಿದ್ದೆ. ಅದು ನಿಜ. ಆದರೆ ಬೈಗುಳ ನನ್ನ ಮೇಲೆ ಬೀಳಲಿಲ್ಲವಲ್ಲ ಎಂಬ ಸಮಾಧಾನವೂ ಒಳಗೆ ಎಲ್ಲೋ ಇತ್ತು. ಈ ಮಾತು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆಮೇಲಿನ ದಿನಗಳಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಎಡಮಗ್ಗುಲಾಗಿ ಮಲಗುವುದು, ನೀರು ಕುಡಿಯುವುದು, ಒದೆತ ನೆನಪಿಟ್ಟುಕೊಳ್ಳುವುದು, ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನಿಗೆ ಹೋಗುವುದು. ದೊಡ್ಡ ಆಸ್ಪತ್ರೆಗೆ ಕಳಿಸಿ ಮಗುವಿನ ಹೃದಯವನ್ನೂ ನೋಡಿಸಿದರು, ಅದು ಸರಿಯಿತ್ತು. ನೀರು ಸ್ವಲ್ಪ ಏರಿತು, ಬೇಕಾದಷ್ಟು ಏರಲಿಲ್ಲ. ನಮ್ಮವರಿಗೆ ಸುದ್ದಿ ತಿಳಿದದ್ದು ಅವರು ದಡಕ್ಕೆ ಬಂದ ಮೇಲೆ. ಅವರು ತಾಯಿಗೆ ಬೈದದ್ದನ್ನು ನಾನು ಅದೇ ಮೊದಲ ಸಲ ಕೇಳಿದೆ. "ನಿಂಗ್ ಬುದ್ಧಿ ಇತ್ತಾ ಅಬ್ಬೆ? ಎಂತ ಮಾಡಿ ಇಟ್ಟೆ!" ಅತ್ತೆ ಪಾತ್ರೆ ತೊಳೆಯುತ್ತಿದ್ದವರು ತಲೆ ಎತ್ತಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅವತ್ತೂ ಹೇಳಲಿಲ್ಲ.

ಮಗುವಿನ ಬೆಳವಣಿಗೆ ನಿಧಾನವಾಯಿತೆಂದು ಎಂಟನೆಯ ತಿಂಗಳು ತುಂಬುವ ಮೊದಲೇ ಆಪರೇಷನ್ ಮಾಡಿ ತೆಗೆದರು. ಹೆಣ್ಣು. ಬಂಗುಡೆ ಕಟ್ಟಿದ ಪೊಟ್ಟಣದಷ್ಟು ಇದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಗಾಜಿನ ಆಚೆ ನಿಂತು ನೋಡುವುದೊಂದು ಬಿಟ್ಟರೆ ತಾಯಿಗೂ ಅಲ್ಲಿ ಬೇರೆ ಕೆಲಸವಿಲ್ಲ. ಮಾತ್ರೆಯಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು, ಹಾಗೆಂದು ಯಾರೂ ಬರೆದುಕೊಡಲಾರರು ಎಂದರು. ಅದಕ್ಕಿಂತ, ಹೌದು ಎಂದು ಹೇಳಿದ್ದರೇ ಚೆನ್ನಾಗಿತ್ತು.

ಅವಳು ಬದುಕಿದಳು. ಒಂದೂವರೆ ತಿಂಗಳ ಮೇಲೆ ಮನೆಗೆ ತಂದೆವು. ನಮ್ಮ ಕಡೆ ಮಗುವನ್ನು ಮೀಸುವುದು ಅಜ್ಜಿಯ ಕೆಲಸ. ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಕವುಚಿ ಮಲಗಿಸಿ, ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದು. ಡಾಕ್ಟರು ಒಪ್ಪಿಗೆ ಕೊಟ್ಟ ದಿನ ಅತ್ತೆ ನೀರು ಕಾಯಿಸಿದರು, ಎಣ್ಣೆ ಬಿಸಿ ಮಾಡಿದರು, ಬಟ್ಟೆಗೆ ಹೊಗೆ ಹಾಕಿದರು. ಆಮೇಲೆ ಆಚೆಮನೆಯ ಅಜ್ಜಿಯನ್ನು ಕರೆದುಕೊಂಡು ಬಂದರು. "ನನ್ ಕಾಲ್ ನೋವ್ ಮಾರಾಯ್ತಿ, ನೀ ಮೀಯ್ಸ್" ಎಂದರು. ಕಾಲು ನೋವಿದ್ದದ್ದು ನಿಜ. ಬ್ರಹ್ಮಾವರದಲ್ಲಿ ಬೈಸಿಕೊಂಡು ಬಂದ ದಿನದಿಂದ ಅವರು ಒಂದು ಮಾತ್ರೆಯನ್ನೂ ಮುಟ್ಟಿರಲಿಲ್ಲ. ಬುಟ್ಟಿ ಹೊತ್ತು ತಿರುಗಿ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಒಳಗೆ ಕಾಲಿಡುತ್ತಿದ್ದರು. ನಾನೇ ಡಾಕ್ಟರನ್ನು ಕೇಳಿ ಅವರಿಗೆಂದು ಮಾತ್ರೆ ತಂದೆ. "ನಂಗ್ ಬ್ಯಾಡ" ಎಂದರು. ಎರಡನೆಯ ಸಲ ಕೇಳಿದ್ದಕ್ಕೆ ಎದ್ದು ಹೋದರು.

ಮಗುವನ್ನು ಅವರು ಎತ್ತಿಕೊಳ್ಳಲಿಲ್ಲ. ದೂರ ಕೂತು ನೋಡುತ್ತಿದ್ದರು. ತೊಟ್ಟಿಲ ಹಗ್ಗ ಹಿಡಿದು ತೂಗುತ್ತಿದ್ದರು, ಅದೂ ನಾನು ಅಡುಗೆಮನೆಯಲ್ಲಿದ್ದಾಗ. ಬಟ್ಟೆ ಒಗೆಯುತ್ತಿದ್ದರು, ಸೊಳ್ಳೆ ಹೊಡೆಯುತ್ತಿದ್ದರು. ಮೈ ಮಾತ್ರ ಮುಟ್ಟುತ್ತಿರಲಿಲ್ಲ. ಐಸು ಹೊತ್ತು, ಜಗಳ ಮಾಡಿ, ಬಾಯಿ ಬಿಗಿಹಿಡಿದು ಹತ್ತು ವರ್ಷ ಕಾದ ಹೆಂಗಸು! ಒಂದು ಮಾತು ಹೇಳಿದರೆ ಅವರ ತಲೆಯ ಭಾರ ನನ್ನ ತಲೆಗೆ ಬರುತ್ತದೆ, ಅವರು ಹಗುರಾಗುತ್ತಾರೆ, ಮಗುವನ್ನು ಎತ್ತಿಕೊಳ್ಳುತ್ತಾರೆ ಎಂದು ನಾನು ನಂಬಿದ್ದೆ. ಪ್ರತಿದಿನ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ನಮ್ಮವರಿಗೆ ತಿಳಿದರೆ? ಕೇರಿಗೆ ತಿಳಿದರೆ? ಎಂದು ಸಂಜೆಯವರೆಗೆ ತಳ್ಳುತ್ತಿದ್ದೆ.

ಕೊನೆಗೆ ಮೇ ತಿಂಗಳ ಒಂದು ಮಧ್ಯಾಹ್ನ ಹೇಳಿದೆ. ಅತ್ತೆ ಊಟ ಮಾಡಿ ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿಕೊಂಡಿದ್ದರು. ಒಳಗೆ ತೊಟ್ಟಿಲಲ್ಲಿ ಮಗು ಮಲಗಿತ್ತು. ನಾನು ಅವರ ಪಕ್ಕ ನೆಲದಲ್ಲಿ ಕೂತೆ.

"ಅತ್ತೆ, ಅವತ್ತ್ ನಾ ಡಾಕ್ಟ್ರತ್ರ ಕೇಣ್ಲೇ ಇಲ್ಲ. ಸುಳ್ ಹೇಳ್ದೆ."

ಅವರು ಅಂಗಳದ ಕಡೆಯೇ ನೋಡುತ್ತಿದ್ದರು. "ಗೊತ್ತಿತ್" ಎಂದರು.

ನನಗೆ ಅರ್ಥವಾಗಲಿಲ್ಲ. "ಯಾವಾಗ ಗೊತ್ತಾಯ್ತ್?"

"ಅವತ್ತೇ. ನಿಂಗ್ ಸುಳ್ ಹೇಳುಕ್ ಬತ್ತಿಲ್ಲ ಹೆಣೆ, ಮುಖ ಕಂಡ್ರೆ ಗೊತ್ತಾತ್. ಗೊತ್ತಿದ್ದೇ ಕೊಟ್ಟೆ. ನೀ ಮರ್ಕುದ್ ಕಾಂಬುಕ್ ಆಯ್ಲಿಲ್ಲ ನಂಗ್."

ನನ್ನ ಅಳು ನೋಡಲಾಗದೆ ಕೊಟ್ಟರಂತೆ. ಈಗ ಅಳಬೇಕಾದ ಜಾಗದಲ್ಲಿ ನನಗೆ ಅಳು ಬರಲಿಲ್ಲ. ಡಾಕ್ಟರ ಮುಂದೆ ಅವರು ಎದ್ದು ನಿಂತಾಗ, ಮಗ ಬೈದಾಗ, ಎಲ್ಲ ಗೊತ್ತಿದ್ದೂ ಸುಮ್ಮನಿದ್ದರು. ಅಷ್ಟು ತಿಂಗಳು ಅವರು ಹೊತ್ತದ್ದು ನನ್ನ ತಪ್ಪನ್ನಲ್ಲ, ಅವರದೇ ತಪ್ಪನ್ನು. ನನ್ನ ಸತ್ಯ ಅವರ ಯಾವ ಉಪಯೋಗಕ್ಕೂ ಬರಲಿಲ್ಲ. ನಾನು ಹೇಳಲಿ, ಬಿಡಲಿ, ಅವರಿಗೆ ಅದು ಒಂದೇ ಆಗಿತ್ತು.

ಒಳಗೆ ಮಗು ಎದ್ದು ಅಳತೊಡಗಿತು. ನಾನು ಏಳಲಿಲ್ಲ. "ನೀವ್ ಎತ್ಕಣಿ ಅತ್ತೆ" ಎಂದೆ. ಅವರು ಕಂಬ ಹಿಡಿದು ಎದ್ದರು, ಸೆರಗಿಗೆ ಎರಡೂ ಕೈ ಒರೆಸಿಕೊಂಡರು, ಬಾಗಿಲವರೆಗೆ ಹೋದರು. ಮಗು ಇನ್ನೂ ಜೋರಾಗಿ ಅತ್ತಿತು. ಅವರು ಹೊಸ್ತಿಲಲ್ಲಿ ನಿಂತು, ತಿರುಗಿ ನನ್ನ ಮುಖ ನೋಡಿದರು.

"ನೀನೇ ಎತ್ಕೋ ಮಗಾ" ಎಂದರು. "ನಂಗ್ ಇನ್ನೂ ಆತಿಲ್ಲ."

ನಾನು ಎದ್ದು ಹೋಗಿ ಎತ್ತಿಕೊಂಡೆ.